‘ನನ್ನ ಕೈಯಲ್ಲೇನಿದೆ?’: ಒಂದು ಪ್ರಶ್ನಾವಳಿಯ ಚರಿತ್ರೆ

ಜೂಲಿಯನ್ ರಾಟರ್ ಅವರಿಗೆ ಇಷ್ಟವಿದ್ದದ್ದು ಮನಃಶಾಸ್ತ್ರ. ಬ್ರೂಕ್ಲಿನ್ ಕಾಲೇಜಿನಲ್ಲಿ ಪದವಿಗೆ ಆರಿಸಿಕೊಂಡದ್ದು ಮಾತ್ರ ರಸಾಯನಶಾಸ್ತ್ರ. ಅದನ್ನು ಓದಿದರೆ ಹೊಟ್ಟೆಪಾಡಿಗೊಂದು ಕೆಲಸ ಸಿಗುವ ಸಂಭವ ಹೆಚ್ಚಿತ್ತು. ಅಮೆರಿಕಕ್ಕೆ ವಲಸೆ ಬಂದ ಯಹೂದಿ ದಂಪತಿಗೆ 1916ರಲ್ಲಿ ಹುಟ್ಟಿದವರು ಅವರು. ಚೆನ್ನಾಗಿಯೇ ನಡೆಯುತ್ತಿದ್ದ ತಂದೆಯ ವ್ಯಾಪಾರ 1930ರ ದಶಕದ ಆರ್ಥಿಕ ಮಹಾಕುಸಿತದಲ್ಲಿ ಮುಳುಗಿತು. ದುಡಿಯುವವರು, ಸೋಮಾರಿಗಳು ಎಂಬ ಭೇದವಿಲ್ಲದೆ ಜನ ಬರಿಗೈಯಾದ ಕಾಲ ಅದು. ಕೊನೆಗೂ ಮನಃಶಾಸ್ತ್ರದ ಕಡೆ ತಿರುಗಿದಾಗ, ಯಹೂದಿಗಳಿಗೆ ವಿಶ್ವವಿದ್ಯಾಲಯಗಳಲ್ಲಿ ಹುದ್ದೆ ಸಿಗುವುದಿಲ್ಲ, ಎಷ್ಟು ಓದಿದರೂ ಅಷ್ಟೇ ಎಂದು ಅವರನ್ನು ಎಚ್ಚರಿಸಲಾಗಿತ್ತು. 1941ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದ ಮೇಲೆ ಅವರು ಸೇರಿದ್ದು ಒಂದು ಸರ್ಕಾರಿ ಆಸ್ಪತ್ರೆಯನ್ನು, ಆಮೇಲೆ ಸೈನ್ಯವನ್ನು. ಯುದ್ಧ ಮುಗಿದು ಮನಃಶಾಸ್ತ್ರಜ್ಞರಿಗೆ ಬೇಡಿಕೆ ಬಂದ ಮೇಲೆಯೇ ಒಹಾಯೊ ರಾಜ್ಯ ವಿಶ್ವವಿದ್ಯಾಲಯದ ಬಾಗಿಲು ತೆರೆದದ್ದು.

ತನ್ನ ಬದುಕಿನ ಮೇಲೆ ತನಗೆಷ್ಟು ಹತೋಟಿ ಇದೆಯೆಂದು ಮನುಷ್ಯ ನಂಬುತ್ತಾನೆ, ಆ ನಂಬಿಕೆ ಅವನ ನಡೆಯನ್ನೂ ಯೋಚನೆಯನ್ನೂ ಹೇಗೆ ತಿದ್ದುತ್ತದೆ ಎಂಬುದನ್ನು ಅಳೆಯಲು ಹೊರಟ ಅತಿ ಪ್ರಸಿದ್ಧ ಪ್ರಶ್ನಾವಳಿ ಬಂದದ್ದು ಇಂಥವರ ಮೇಜಿನಿಂದ. ಇದನ್ನು ನೆನಪಿಟ್ಟುಕೊಂಡೇ ಮುಂದಿನದನ್ನು ಓದಬೇಕೆಂದು ನನ್ನ ಕೋರಿಕೆ. ಏಕೆಂದರೆ ಈಗ ಈ ವಿಚಾರ ನಮಗೆ ಸಿಗುವುದು ವ್ಯಕ್ತಿತ್ವ ವಿಕಸನದ ಪುಸ್ತಕಗಳಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್ ಕ್ಲಾಸುಗಳ ಗೋಡೆಬರಹಗಳಲ್ಲಿ. ‘ನಿನ್ನ ಸೋಲಿಗೆ ನೀನೇ ಹೊಣೆ’ ಎಂಬ ಧಾಟಿಯಲ್ಲಿ. ಸಮಾಜವಿಜ್ಞಾನಗಳ ಚರಿತ್ರೆಯನ್ನು ಸಂಶೋಧನೆಗೆ ಆಯ್ದುಕೊಂಡಿರುವ ನನಗೆ, ಆರ್ಥಿಕ ಕುಸಿತವನ್ನೂ ಜನಾಂಗಭೇದವನ್ನೂ ಮೈಮೇಲೆ ಅನುಭವಿಸಿದವರ ಪ್ರಶ್ನೆಯೊಂದು ಗೋಡೆಬರಹವಾಗುವವರೆಗೆ ನಡೆದ ದಾರಿ ಯಾವುದು ಎಂಬ ಕುತೂಹಲ.

ಮೊದಲ ಹೆಜ್ಜೆ ಒಂದು ಸಣ್ಣ ಪ್ರಯೋಗ. ರಾಟರ್ ಅವರ ಶಿಷ್ಯ ಜೆರ್ರಿ ಫೇರ್ಸ್ 1957ರಲ್ಲಿ ಪ್ರಕಟಿಸಿದ್ದು. ಬಣ್ಣಗಳನ್ನು ಹೊಂದಿಸುವ ಕೆಲಸ. ಬಣ್ಣಗಳ ನಡುವಿನ ವ್ಯತ್ಯಾಸ ತೀರ ಸೂಕ್ಷ್ಮವಾದ್ದರಿಂದ ತನ್ನ ಉತ್ತರ ಸರಿಯೇ ತಪ್ಪೇ ಎಂದು ಆಡುವವನಿಗೆ ಗೊತ್ತಾಗುವಂತಿರಲಿಲ್ಲ. ಅರ್ಧ ಜನಕ್ಕೆ, ಇದು ಎಷ್ಟು ಕಷ್ಟವೆಂದರೆ ಸರಿಹೋದರೆ ಅದೃಷ್ಟ ಅಷ್ಟೇ ಎಂದು ಹೇಳಲಾಯಿತು. ಉಳಿದ ಅರ್ಧಕ್ಕೆ, ಇದು ಜಾಣ್ಮೆಯ ಕೆಲಸ, ಕೆಲವರು ಇದರಲ್ಲಿ ಬಹಳ ಚುರುಕು ಎಂದು. ನಿಜದಲ್ಲಿ ‘ಸರಿ’, ‘ತಪ್ಪು’ಗಳ ಕ್ರಮವನ್ನು ಪ್ರಯೋಗಕಾರರೇ ಮೊದಲೇ ಗೊತ್ತುಮಾಡಿಟ್ಟಿದ್ದರು, ಎರಡೂ ಗುಂಪಿಗೆ ಅದೇ ಕ್ರಮ. ಪ್ರತಿ ಸಲವೂ ಮುಂದಿನ ಉತ್ತರ ಸರಿಯಾಗುತ್ತದೆಂದು ಎಷ್ಟು ಬಿಲ್ಲೆಗಳನ್ನು ಪಣಕ್ಕಿಡುತ್ತೀರಿ ಎಂದು ಕೇಳುತ್ತಿದ್ದರು. ಜಾಣ್ಮೆಯ ಕೆಲಸವೆಂದು ನಂಬಿದವರು ಗೆದ್ದಾಗ ಪಣ ಏರಿಸಿದರು, ಸೋತಾಗ ಇಳಿಸಿದರು. ಅಂದರೆ ಆದದ್ದರಿಂದ ಪಾಠ ಕಲಿಯುತ್ತಿದ್ದರು. ಅದೃಷ್ಟವೆಂದು ನಂಬಿದವರ ಪಣ ಅಷ್ಟಾಗಿ ಅಲುಗಲಿಲ್ಲ. ಕೆಲವೊಮ್ಮೆ ಗೆದ್ದ ಮೇಲೆ ಇಳಿಸಿ, ಸೋತ ಮೇಲೆ ಏರಿಸಿದ್ದೂ ಉಂಟು: ಇಸ್ಪೀಟಿನಲ್ಲಿ ಸತತ ಸೋತವನು ‘ಈ ಸಲ ಬಂದೇ ಬರುತ್ತೆ’ ಎನ್ನುವ ಹಾಗೆ.

ನನಗೆ ಈ ಪ್ರಯೋಗ ಇಷ್ಟವಾಗುವುದು ಇದರಲ್ಲಿ ಸ್ವಭಾವದ ಮಾತೇ ಬರುವುದಿಲ್ಲ ಎಂಬ ಕಾರಣಕ್ಕೆ. ಒಂದೇ ಬಗೆಯ ಜನ, ಒಂದೇ ಬಗೆಯ ಅನುಭವ. ಆ ಅನುಭವಕ್ಕೆ ಕೊಟ್ಟ ಹೆಸರು ಮಾತ್ರ ಬೇರೆ. ಹೆಸರು ಬದಲಾದರೆ ಅನುಭವದಿಂದ ಕಲಿಯುವ ರೀತಿಯೇ ಬದಲಾಗುತ್ತದೆ.

ಆದರೆ ರಾಟರ್ ಬಳಗ ಇಲ್ಲಿಂದ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕೆಲವರು ಎಲ್ಲ ಅನುಭವಕ್ಕೂ ‘ನನ್ನಿಂದ’ ಎಂದು, ಕೆಲವರು ಎಲ್ಲದಕ್ಕೂ ‘ಹೊರಗಿನಿಂದ’ ಎಂದು ಹೆಸರಿಡುವ ರೂಢಿಯಲ್ಲಿರಬಹುದಲ್ಲವೇ? ಆ ರೂಢಿಯನ್ನು ಅಳೆಯಲು 1966ರಲ್ಲಿ ಪ್ರಕಟವಾದದ್ದೇ ಆ ಪ್ರಶ್ನಾವಳಿ. 29 ಜೋಡಿ ವಾಕ್ಯಗಳು. ಅದರಲ್ಲಿ 6 ಜೋಡಿ ಸುಮ್ಮನೆ, ಉದ್ದೇಶ ಗೊತ್ತಾಗದಿರಲೆಂದು ಸೇರಿಸಿದವು. ಪ್ರತಿ ಜೋಡಿಯಲ್ಲೂ ಒಂದು ವಾಕ್ಯ ಬದುಕನ್ನು ನಮ್ಮ ಕೈಗೆ ಕೊಡುತ್ತದೆ, ಇನ್ನೊಂದು ಅದೃಷ್ಟಕ್ಕೋ ಅಧಿಕಾರಸ್ಥರಿಗೋ ಕೊಡುತ್ತದೆ. ಎರಡರಲ್ಲಿ ಒಂದನ್ನು ಆರಿಸಲೇಬೇಕು. ಪಠ್ಯಪುಸ್ತಕಗಳು ಇದನ್ನು ‘ಲೋಕಸ್ ಆಫ್ ಕಂಟ್ರೋಲ್’ ಎನ್ನುತ್ತವೆ. ಹತೋಟಿಯ ನೆಲೆ ಎನ್ನೋಣ: ಒಳಗೆ ಅಥವಾ ಹೊರಗೆ.

ಪ್ರಶ್ನಾವಳಿ ಪೂರ್ಣರೂಪಕ್ಕೆ ಬರುವ ಮೊದಲೇ ಅದರ ಹಿಂದಿನ ಆವೃತ್ತಿಗಳನ್ನು ಹಿಡಿದು ಸಂಶೋಧಕರು ಹೊರಟಿದ್ದರು. ಅವುಗಳಲ್ಲಿ ಎರಡು ಅಧ್ಯಯನಗಳ ಬಗ್ಗೆ ನಿಂತು ಹೇಳಬೇಕು. ಸಮಾಜಶಾಸ್ತ್ರಜ್ಞ ಮೆಲ್ವಿನ್ ಸೀಮನ್, ಜಾನ್ ಇವಾನ್ಸ್ ಅವರ ಜೊತೆಗೂಡಿ 1962ರಲ್ಲಿ ಪ್ರಕಟಿಸಿದ್ದು ಕ್ಷಯರೋಗಿಗಳ ಬಗ್ಗೆ. ಒಂದೇ ಆಸ್ಪತ್ರೆಯ ರೋಗಿಗಳಲ್ಲಿ, ಹತೋಟಿ ತಮ್ಮೊಳಗಿದೆ ಎಂದವರಿಗೆ ತಮ್ಮ ಕಾಯಿಲೆಯ ಬಗ್ಗೆ ಹೆಚ್ಚು ಗೊತ್ತಿತ್ತು. ಅವರು ಡಾಕ್ಟರು, ನರ್ಸುಗಳನ್ನು ಹೆಚ್ಚು ಪ್ರಶ್ನೆ ಕೇಳುತ್ತಿದ್ದರು. ಆಸ್ಪತ್ರೆ ಕೊಡುತ್ತಿದ್ದ ಮಾಹಿತಿ ಸಾಲದೆಂಬ ಅಸಮಾಧಾನವೂ ಅವರಿಗೇ ಹೆಚ್ಚು. ಮರುವರ್ಷ ಸೀಮನ್ ಒಂದು ಸೆರೆಮನೆಯ ಅಧ್ಯಯನ ಪ್ರಕಟಿಸಿದರು. ಅಲ್ಲಿದ್ದವರಿಗೆ ಬೇರೆಬೇರೆ ಬಗೆಯ ಮಾಹಿತಿ ಕೊಟ್ಟು, ಏನು ನೆನಪಿದೆ ಎಂದು ನೋಡಿದಾಗ, ಪೆರೋಲ್ ಸಿಗುವುದು ಹೇಗೆ ಎಂಬ ಸಂಗತಿಯಲ್ಲಿ ವ್ಯತ್ಯಾಸ ಕಂಡಿತು. ತನ್ನ ಬಿಡುಗಡೆಯಲ್ಲಿ ತನ್ನ ಪಾಲೂ ಇದೆ ಎಂದು ನಂಬಿದವನು ಅದನ್ನು ನೆನಪಿಟ್ಟುಕೊಂಡಿದ್ದ. ನಂಬದವನ ತಲೆಗೆ ಅದು ಹೋಗಿರಲಿಲ್ಲ.

ನಂಬಿಕೆ ಯೋಚನೆಯನ್ನು ತಿದ್ದುತ್ತದೆ ಎಂದರೆ ಹೀಗೆ. ‘ನನ್ನ ಕೈಯಲ್ಲೇನಿದೆ’ ಎನ್ನುವವನು ಕೈಕಟ್ಟಿ ಕೂರುವುದು ಆಮೇಲಿನ ಮಾತು. ಅದಕ್ಕೂ ಮೊದಲೇ ಅವನ ಕಿವಿ ಮುಚ್ಚಿಕೊಂಡಿರುತ್ತದೆ. ಪೆರೋಲಿನ ನಿಯಮ ಗೊತ್ತಿಲ್ಲದವನಿಗೆ ಪೆರೋಲ್ ಸಿಗುವುದು ನಿಜವಾಗಿಯೂ ಕಷ್ಟವಾದ್ದರಿಂದ ಅವನ ನಂಬಿಕೆ ಕೊನೆಗೆ ಸರಿ ಎಂದೇ ರುಜುವಾತಾಗುತ್ತದೆ.

ಇದೇ ಹೊತ್ತಿಗೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ನಾಗರಿಕ ಹಕ್ಕುಗಳ ಚಳವಳಿ ನಡೆದಿತ್ತು. ಪರ್ಲ್ ಮೇಯೊ ಗೋರ್ ಮತ್ತು ರಾಟರ್ 1963ರಲ್ಲಿ ಪ್ರಕಟಿಸಿದ ಲೇಖನ ದಕ್ಷಿಣದ ಒಂದು ಕಪ್ಪುಜನರ ಕಾಲೇಜಿನದು. ವಿದ್ಯಾರ್ಥಿಗಳು ಮೊದಲು ಪ್ರಶ್ನಾವಳಿ ತುಂಬಿದ್ದರು. ಆಮೇಲೆ, ಚಳವಳಿಗಾಗಿ ನೀವು ಏನು ಮಾಡಲು ಸಿದ್ಧ ಎಂದು ಕೇಳಿ ಸಹಿ ಪಡೆಯಲಾಯಿತು. ಸಭೆಗೆ ಬರುವುದು ಹಗುರವಾದ ಆಯ್ಕೆ. ರಾಜ್ಯದ ರಾಜಧಾನಿಗೆ ಮೌನ ಮೆರವಣಿಗೆ ಹೋಗುವುದು, ಬಸ್ಸುಗಳಲ್ಲಿ ಬೇರ್ಪಡಿಕೆಯನ್ನು ಮುರಿಯಲು ಹೊರಟ ಫ್ರೀಡಂ ರೈಡರ್‌ಗಳ ಜೊತೆ ಸೇರುವುದು ಅಪಾಯದವು. 1961ರಲ್ಲಿ ಅಂಥ ಒಂದು ಬಸ್ಸಿಗೆ ಅಲಬಾಮದಲ್ಲಿ ಬೆಂಕಿ ಹಚ್ಚಿದ್ದು ಆ ಹುಡುಗ ಹುಡುಗಿಯರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಮೆರವಣಿಗೆಗೆ, ಬಸ್ಸಿಗೆ ಸಹಿ ಹಾಕಿದವರು ಹೆಚ್ಚಾಗಿ ‘ಒಳಗಿನ’ವರು.

ಇಲ್ಲಿಗೆ ಕಥೆ ಮುಗಿಯಿತು ಎನ್ನಿಸುವಷ್ಟು ಚೆಂದ. ನಂಬಿದವರು ನಡೆದರು, ನಂಬದವರು ನಿಂತರು. ನನಗೆ ಇಲ್ಲೇ ಒಂದು ಮುಳ್ಳು ಚುಚ್ಚಿದ್ದು. ಆ ಕಾಲೇಜಿನ ವಿದ್ಯಾರ್ಥಿಯೊಬ್ಬಳು ‘ಜನರ ಯೋಗ್ಯತೆಗೆ ತಕ್ಕ ಮರ್ಯಾದೆ ಈ ಲೋಕದಲ್ಲಿ ಸಿಕ್ಕೇ ಸಿಗುತ್ತದೆ’ ಎಂಬರ್ಥದ ವಾಕ್ಯಕ್ಕೆ ಗುರುತು ಹಾಕಬೇಕಿದ್ದರೆ ತಾನು ಹೊರಟಿರುವ ಮೆರವಣಿಗೆಯ ಕಾರಣವನ್ನೇ ಮರೆಯಬೇಕಲ್ಲ?

ಈ ಅನುಮಾನ ಗಟ್ಟಿಯಾದದ್ದು ನಮ್ಮ ಹಾಸ್ಟೆಲಿನಲ್ಲಿ. ಪ್ರಶ್ನಾವಳಿಯ ಕೆಲವು ಜೋಡಿಗಳ ಸಾರವನ್ನು ಕನ್ನಡಕ್ಕೆ ಇಳಿಸಿಕೊಂಡು ಗೆಳೆಯರ ಮುಂದೆ ಇಟ್ಟಿದ್ದೆ. ಅಧ್ಯಯನವೆಂದಲ್ಲ, ಊಟದ ಮೇಲಿನ ಹರಟೆ. ಒಬ್ಬರಾದರೂ ಒಂದನ್ನೇ ಆರಿಸಲು ಒಪ್ಪಲಿಲ್ಲ. ಚೆನ್ನಾಗಿ ಓದಿದವನಿಗೆ ಅನ್ಯಾಯದ ಪರೀಕ್ಷೆ ಎಂಬುದೇ ಇಲ್ಲ ಎಂಬಂಥ ವಾಕ್ಯ ಬಂದಾಗ ಒಬ್ಬ ಗೆಳೆಯ, ‘ಪೇಪರ್ ಲೀಕ್ ಆಗದ ವರ್ಷವೋ, ಆದ ವರ್ಷವೋ ಮೊದಲು ಹೇಳು’ ಎಂದ. ಇನ್ನೊಬ್ಬಳು, ‘ಎರಡೂ ಸರಿ ಕಣೋ. ಓದುವಾಗ ಇದು, ರಿಸಲ್ಟ್ ಬಂದ ಮೇಲೆ ಅದು’ ಎಂದಳು. ನಮ್ಮ ಮಾತಿನ ರೂಢಿಯೂ ಹಾಗೇ ಇದೆಯಲ್ಲ. ‘ನಾನು ಪಾಸಾದೆ’ ಎನ್ನುತ್ತೇವೆ, ‘ಮೇಷ್ಟ್ರು ಫೇಲ್ ಮಾಡಿದರು’ ಎನ್ನುತ್ತೇವೆ. ಬಿತ್ತುವಾಗ ‘ಕೈ ಕೆಸರಾದರೆ ಬಾಯಿ ಮೊಸರು’. ಮಳೆ ಕೈಕೊಟ್ಟಾಗ ‘ಹಣೆಬರಹಕ್ಕೆ ಹೊಣೆ ಯಾರು’. ಒಂದೇ ಅಜ್ಜಿಯ ಬಾಯಲ್ಲಿ ಎರಡೂ ಬರುತ್ತವೆ. ಇವೆರಡರಲ್ಲಿ ಒಂದನ್ನು ಆರಿಸು ಎಂದರೆ ಅವಳು ನಮ್ಮನ್ನೇ ವಿಚಿತ್ರವಾಗಿ ನೋಡಿಯಾಳು.

1966ರಲ್ಲೇ ಇನ್ನೊಂದು ದೊಡ್ಡ ದಾಖಲೆ ಹೊರಬಂತು. ನಾಗರಿಕ ಹಕ್ಕುಗಳ ಕಾಯಿದೆಯ ಆದೇಶದಂತೆ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ನೇತೃತ್ವದಲ್ಲಿ ಸುಮಾರು 6 ಲಕ್ಷ ಶಾಲಾಮಕ್ಕಳ ಸಮೀಕ್ಷೆ ನಡೆದಿತ್ತು. ಅದೃಷ್ಟ ದೊಡ್ಡದೋ ದುಡಿಮೆ ದೊಡ್ಡದೋ, ಮುಂದೆ ಬರಲು ಹೊರಟಾಗಲೆಲ್ಲ ಯಾರಾದರೂ ಅಡ್ಡ ಬರುತ್ತಾರೆಯೇ ಎಂಬಂಥ ಬೆರಳೆಣಿಕೆಯ ಪ್ರಶ್ನೆಗಳೂ ಅದರಲ್ಲಿದ್ದವು. ಕಪ್ಪು ಮಕ್ಕಳ ಕಲಿಕೆಯೊಂದಿಗೆ, ಶಾಲೆಯ ಕಟ್ಟಡ, ಗ್ರಂಥಾಲಯ, ಉಪಕರಣ ಎಲ್ಲಕ್ಕಿಂತ ಹೆಚ್ಚು ಗಟ್ಟಿಯಾಗಿ ಹೊಂದಿಕೊಂಡದ್ದು ಈ ಪ್ರಶ್ನೆಗಳ ಉತ್ತರ. ಇದನ್ನು ಓದಿದ ಹಲವರು ಹಿಡಿದ ದಾರಿ ಸುಲಭವಾಗಿತ್ತು: ಮಕ್ಕಳ ಮನಸ್ಸನ್ನು ತಿದ್ದಿದರಾಯಿತು, ಶಾಲೆಗೆ ಯಾಕೆ ದುಡ್ಡು ಸುರಿಯಬೇಕು? ಅದೇ ವರದಿಯಲ್ಲಿದ್ದ ಇನ್ನೊಂದು ಸಂಗತಿ ಅಷ್ಟು ಸದ್ದು ಮಾಡಲಿಲ್ಲ. ಬಿಳಿಯ ಮಕ್ಕಳು ಹೆಚ್ಚಿದ್ದ ಶಾಲೆಗಳಲ್ಲಿ ಓದುತ್ತಿದ್ದ ಕಪ್ಪು ಮಕ್ಕಳಲ್ಲಿ ಹತೋಟಿಯ ನಂಬಿಕೆಯೂ ಹೆಚ್ಚಿತ್ತು. ಮಗು ತನ್ನ ಸುತ್ತಲನ್ನು ನೋಡಿಯೇ ಉತ್ತರ ಬರೆಯುತ್ತಿತ್ತು ಎಂದು ನಾನು ಇದನ್ನು ಓದುತ್ತೇನೆ.

ಮುಳ್ಳನ್ನು ತೆಗೆದವರು ಮಿಷಿಗನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಗುರಿನ್ ಮತ್ತು ಸಂಗಡಿಗರು. 1969ರ ಅವರ ಲೇಖನ, ನನ್ನ ಲೆಕ್ಕದಲ್ಲಿ, ಈ ಇಡೀ ಚರಿತ್ರೆಯ ಅತಿ ಮುಖ್ಯ ಬರಹ. ಪಠ್ಯಪುಸ್ತಕಗಳಲ್ಲಿ ಅದಕ್ಕೆ ಸಿಗುವುದು ಹೆಚ್ಚೆಂದರೆ ಒಂದು ಸಾಲು. ಕಪ್ಪುಜನರ ಹಲವು ಕಾಲೇಜುಗಳ ವಿದ್ಯಾರ್ಥಿಗಳ ಉತ್ತರಗಳನ್ನು ಬಿಡಿಸಿ ನೋಡಿದಾಗ ಅವರಿಗೆ ಕಂಡದ್ದು ವ್ಯಾಕರಣದ ವಿಷಯ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಖುಷಿಯಾಗಬೇಕಾದದ್ದು. ಪ್ರಶ್ನಾವಳಿಯ ಕೆಲವು ವಾಕ್ಯಗಳು ‘ನಾನು’ ಎಂದು ಉತ್ತಮ ಪುರುಷದಲ್ಲಿದ್ದವು: ನನ್ನ ಯೋಜನೆ, ನನ್ನ ಬದುಕು. ಉಳಿದವು ‘ಜನ’ ಎಂದು ಪ್ರಥಮ ಪುರುಷದಲ್ಲಿದ್ದವು: ಜನ ಯಾಕೆ ಗೆಲ್ಲುತ್ತಾರೆ, ಯಾಕೆ ಸೋಲುತ್ತಾರೆ. ಪ್ರಶ್ನಾವಳಿ ಇವೆರಡನ್ನೂ ಕೂಡಿಸಿ ಒಂದೇ ಅಂಕ ಕೊಡುತ್ತಿತ್ತು. ಈ ವಿದ್ಯಾರ್ಥಿಗಳಲ್ಲಿ ಇವೆರಡೂ ಬೇರೆಬೇರೆಯಾಗಿ ನಿಂತವು. ‘ನಾನು ಹಿಡಿದದ್ದನ್ನು ಸಾಧಿಸಬಲ್ಲೆ’ ಎನ್ನುತ್ತಿದ್ದ ವಿದ್ಯಾರ್ಥಿಯೇ ‘ನಮ್ಮ ಜನ ಹಿಂದುಳಿದಿರುವುದು ಅವರ ತಪ್ಪಿನಿಂದಲ್ಲ, ಅವರನ್ನು ತಡೆದವರಿಂದ’ ಎಂದೂ ಹೇಳಬಲ್ಲವನಾಗಿದ್ದ. ಓದಿನಲ್ಲಿ ಮುಂದಿದ್ದವರನ್ನು ಗುರುತಿಸಲು ‘ನಾನು’ ವಾಕ್ಯಗಳು ನೆರವಾದವು. ಅದುವರೆಗೆ ಕಪ್ಪುಜನ ಕಾಲಿಡದ ವೃತ್ತಿಗಳ ಮೇಲೆ ಕಣ್ಣಿಟ್ಟವರನ್ನು, ಚಳವಳಿಗೆ ಇಳಿದವರನ್ನು ಗುರುತಿಸಿದ್ದು ಮಾತ್ರ ಇನ್ನೊಂದು ಉತ್ತರ, ವ್ಯವಸ್ಥೆಯನ್ನು ದೂರಿದ ಉತ್ತರ. ಹಳೆಯ ಲೆಕ್ಕದಲ್ಲಿ ಅದು ‘ಹೊರಗಿನ’ ಉತ್ತರ, ಕೈಚೆಲ್ಲಿದವರ ಉತ್ತರ. 1967ರ ಡೆಟ್ರಾಯ್ಟ್ ಗಲಭೆಯ ನಂತರ ಅಲ್ಲಿನ ಕಪ್ಪು ಯುವಕರ ಬಗ್ಗೆ ಬಂದ ಅಧ್ಯಯನವೂ ಇದೇ ಚಿತ್ರ ಕೊಟ್ಟಿತು: ಉಗ್ರವಾಗಿ ಪ್ರತಿಭಟಿಸಿದವರಿಗೆ ತಮ್ಮ ಮೇಲೆ ನಂಬಿಕೆ ಹೆಚ್ಚು, ವ್ಯವಸ್ಥೆಯ ಮೇಲೆ ಕಡಿಮೆ.

ಇದನ್ನು ಓದಿದಾಗ ಭಾರತದ ಓದುಗನಿಗೆ 1927ರ ಮಹಾಡ್ ನೆನಪಾಗದಿರದು. ಚವದಾರ್ ಕೆರೆಯ ನೀರು ಕುಡಿಯಲು ಅಂಬೇಡ್ಕರ್ ಜೊತೆ ನಡೆದವರು, ಆ ನೀರು ತಮಗೆ ಸಿಗದಿರುವುದು ತಮ್ಮ ತಪ್ಪಿನಿಂದ ಎಂದು ನಂಬಿದ್ದರೆ ಮನೆಯಲ್ಲೇ ಇರುತ್ತಿದ್ದರು. ಹಣೆಬರಹದಿಂದ ಎಂದು ನಂಬಿದ್ದರೂ ಮನೆಯಲ್ಲೇ ಇರುತ್ತಿದ್ದರು.

ಕೆಲವು ವರ್ಷಗಳಲ್ಲಿ ಹನ್ನಾ ಲೆವೆನ್ಸನ್ ಎಂಬ ಮನಃಶಾಸ್ತ್ರಜ್ಞೆ ‘ಹೊರಗೆ’ ಎಂಬುದನ್ನೇ ಎರಡಾಗಿ ಸೀಳಿದರು. ಅದೃಷ್ಟದ ಕೈಯಲ್ಲಿದೆ ಎನ್ನುವುದು ಬೇರೆ, ಬಲಾಢ್ಯರ ಕೈಯಲ್ಲಿದೆ ಎನ್ನುವುದು ಬೇರೆ. ಅದೃಷ್ಟವನ್ನು ಏನೂ ಮಾಡಲಾಗದು. ಬಲಾಢ್ಯರನ್ನು ಓಲೈಸಬಹುದು, ಎದುರಿಸಬಹುದು, ಚುನಾವಣೆಯಲ್ಲಿ ಇಳಿಸಬಹುದು. ನಮ್ಮ ಗಾದೆಗಳು ಈ ಮೂರನೆಯದನ್ನೂ ಬಿಟ್ಟಿಲ್ಲ: ‘ದೇವರು ವರ ಕೊಟ್ಟರೂ ಪೂಜಾರಿ ಕೊಡ.’ ತಾಲೂಕು ಕಚೇರಿಯ ಮುಂದೆ ನಿಂತವರಾರೂ ದೇವರನ್ನು ಬೈಯುವುದಿಲ್ಲ ಎಂಬುದನ್ನು ಗಮನಿಸಿ. ‘ಭಾರತೀಯರು ವಿಧಿವಾದಿಗಳು’ ಎಂದು ಬರೆದ ಎಷ್ಟೋ ಪಂಡಿತರು ಪೂಜಾರಿಯ ಮೇಲಿನ ದೂರನ್ನು ದೇವರ ಮೇಲಿನ ಭಾರವೆಂದು ಬರೆದುಕೊಂಡಿರಬೇಕೆಂದು ನನ್ನ ಗುಮಾನಿ.

ರಾಟರ್ ಅವರೂ 1975ರಲ್ಲಿ ಒಂದು ಲೇಖನ ಬರೆದು ತಮ್ಮ ಕಲ್ಪನೆಯನ್ನು ಜನ ಬಳಸುತ್ತಿರುವ ರೀತಿಗೆ ಆಕ್ಷೇಪಿಸಿದರು. ಒಳಗಿನವರು ಒಳ್ಳೆಯವರು, ಹೊರಗಿನವರು ಕೆಟ್ಟವರು ಎಂಬ ವಿಂಗಡಣೆ ತಮ್ಮದಲ್ಲ ಎಂಬುದು ಅದರ ಒಂದು ಮುಖ್ಯ ಮಾತು. ಅಷ್ಟರಲ್ಲಿ ಪ್ರಶ್ನಾವಳಿ ಅವರ ಕೈಮೀರಿ ಹೋಗಿತ್ತು.

ಇದೇ 1960ರ ದಶಕದಲ್ಲಿ ಈ ವಿಚಾರದ ಸೋದರಸಂಬಂಧಿಯೊಂದು ನಮ್ಮ ನೆರೆರಾಜ್ಯಕ್ಕೆ ಬಂದಿಳಿಯಿತು. ಹಾರ್ವರ್ಡಿನ ಡೇವಿಡ್ ಮೆಕ್‌ಕ್ಲೆಲಂಡ್ ಅವರದು ಸಾಧನೆಯ ಹಂಬಲದ ಸಿದ್ಧಾಂತ. ಅದನ್ನು ತೋರಿಸಲು ಒಂದು ಆಟ: ನೆಟ್ಟ ಗೂಟಕ್ಕೆ ಬಳೆ ಎಸೆಯಬೇಕು, ಎಷ್ಟು ದೂರದಿಂದ ಎಂಬುದು ಎಸೆಯುವವರ ಇಷ್ಟ. ಸಾಧನೆಯ ಹಂಬಲವಿರುವವರು ನಡುವಣ ದೂರ ಆರಿಸುತ್ತಾರೆ. ತೀರ ಹತ್ತಿರದಿಂದ ಎಸೆದರೆ ಗೆದ್ದದ್ದರಲ್ಲಿ ಹೆಚ್ಚುಗಾರಿಕೆ ಇಲ್ಲ, ತೀರ ದೂರದಿಂದಾದರೆ ಬಿದ್ದದ್ದು ಅದೃಷ್ಟ. ನಡುವೆ ನಿಂತರೆ ಮಾತ್ರ ಫಲ ತನ್ನ ಕೈಯದು. 1964ರಲ್ಲಿ ಆಂಧ್ರದ ಕಾಕಿನಾಡದ ವ್ಯಾಪಾರಿಗಳು, ಸಣ್ಣ ಉದ್ಯಮಿಗಳನ್ನು ಹೈದರಾಬಾದಿನ ಸಣ್ಣ ಕೈಗಾರಿಕಾ ತರಬೇತಿ ಸಂಸ್ಥೆಗೆ ಕರೆಸಿ ಸುಮಾರು ಹತ್ತು ದಿನಗಳ ತರಬೇತಿ ಕೊಡಲಾಯಿತು. ಹೋಲಿಸಿ ನೋಡಲು ರಾಜಮಹೇಂದ್ರಿಯನ್ನು ತರಬೇತಿಯಿಲ್ಲದೆ ಬಿಟ್ಟರು. ತರಬೇತಿ ಪಡೆದವರು ಆಮೇಲೆ ಹೆಚ್ಚು ಚುರುಕಾಗಿ ವ್ಯವಹಾರ ಬೆಳೆಸಿದರೆಂದು 1969ರಲ್ಲಿ ಮೆಕ್‌ಕ್ಲೆಲಂಡ್ ಮತ್ತು ಡೇವಿಡ್ ವಿಂಟರ್ ಪುಸ್ತಕವನ್ನೇ ಬರೆದರು. ತರಬೇತಿಗೆ ಬಂದವರು ಆಗಲೇ ಅಂಗಡಿಯೋ ಕಾರ್ಖಾನೆಯೋ ಇದ್ದವರು, ಅಂದರೆ ನಂಬಿದ್ದನ್ನು ಮಾಡಿ ನೋಡಲು ಒಂದಿಷ್ಟು ಬಂಡವಾಳವೂ ಇದ್ದವರು ಎಂಬುದನ್ನು ಇಲ್ಲಿ ಸೇರಿಸಬೇಕು.

ಆ ಬಳೆಯ ಆಟ ಇನ್ನೂ ಜೀವಂತವಾಗಿದೆ, ಅದೂ ನಮ್ಮಲ್ಲೇ. ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭಿಸಿದವು. ಮುಂದೆ ಅದೇ ಮಾದರಿಯಲ್ಲಿ ಕೇಂದ್ರ ಸರ್ಕಾರ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳ ಮೂಲಕ ಸ್ವಉದ್ಯೋಗ ತರಬೇತಿ ಕೇಂದ್ರಗಳನ್ನು ತೆರೆಸಿತು. ಹೈನುಗಾರಿಕೆ, ಹೊಲಿಗೆ, ಮೊಬೈಲ್ ರಿಪೇರಿ ಕಲಿಯಲು ಬಂದವರಿಗೆ ಈ ಆಟವನ್ನೂ ಆಡಿಸುತ್ತಾರೆ.

ಅಂಥದೊಂದು ಕೇಂದ್ರದಲ್ಲಿ, ಹೊಲಿಗೆ ತರಬೇತಿಯ ತಂಡವೊಂದು ಈ ಆಟ ಆಡುವುದನ್ನು ಒಂದು ಮಧ್ಯಾಹ್ನ ಕೂತು ನೋಡಿದೆ. ಮೂವತ್ತೈದರ ಆಸುಪಾಸಿನ ಹೆಂಗಸೊಬ್ಬರು ನಡುವಣ ಗೆರೆಯ ಮೇಲೆ ನಿಂತು ಐದರಲ್ಲಿ ಮೂರು ಬಳೆ ಹಾಕಿದರು. ತರಬೇತುದಾರರು ಚಪ್ಪಾಳೆ ತಟ್ಟಿಸಿ, ‘ನೋಡ್ರಮ್ಮಾ, ಎಲ್ಲಾ ನಮ್ಮ ಕೈಯಾಗೇ ಐತೆ’ ಎಂದರು. ಆ ಹೆಂಗಸು ನಕ್ಕು ತಮ್ಮ ಜಾಗದಲ್ಲಿ ಕೂತರು. ಸ್ವಲ್ಪ ಹೊತ್ತಿನ ಮೇಲೆ, ‘ಎಲ್ಲಾ ಎಲ್ಲಿ ಸಾರ್, ಹೋದ ಸಲ ಮೂರು ತಿಂಗಳು ಅಲೆಸಿ ಲೋನ್ ಇಲ್ಲ ಅಂದ್ರು’ ಎಂದರು. ಆಮೇಲೆ ನೋಟುಬುಕ್ಕು ತೆಗೆದು ಒಂದೊಂದಾಗಿ ಕೇಳಲು ಶುರುಮಾಡಿದರು. ಮ್ಯಾನೇಜರ್ ಯಾವ ದಿನ ಸಿಗುತ್ತಾರೆ? ಜಾಮೀನು ಇಲ್ಲದೆ ಎಷ್ಟರವರೆಗೆ ಸಾಲ ಕೊಡಬೇಕೆಂದು ನಿಯಮ ಇದೆ? ಅರ್ಜಿ ವಾಪಸ್ ಬಂದರೆ ಯಾಕೆ ಅಂತ ಬರೆದುಕೊಡಲು ಕೇಳಬಹುದಾ? ಅದರ ಮೇಲೆ ಯಾರಿಗೆ ಹೇಳಬೇಕು? ತರಬೇತುದಾರರು ಉತ್ತರ ಕೊಡುತ್ತಾ ಹೋದರು. ಪಕ್ಕದಲ್ಲಿದ್ದ ಇಬ್ಬರು ಅವರ ನೋಟುಬುಕ್ಕಿಗೆ ಬಗ್ಗಿ ಬರೆದುಕೊಳ್ಳತೊಡಗಿದರು.